ಫಾರ್ ಹಿಡಿಯಬೇಕೋ, ವೈಲ್ ಹಿಡಿಯಬೇಕೋ? ಸಂಖ್ಯೆಗಳ ಸಾಲನ್ನು ಪ್ರಿಂಟ್ ಮಾಡಲು ಲೂಪ್ ಆರಿಸುವ ಬಗೆ

"1ರಿಂದ 10ರವರೆಗೆ ಪ್ರಿಂಟ್ ಮಾಡಿ." ಪ್ರೋಗ್ರಾಮಿಂಗ್ ಕಲಿಯಲು ಕೂತವರೆಲ್ಲ ಈ ಅಭ್ಯಾಸವನ್ನು ದಾಟಿಯೇ ಬಂದಿರುತ್ತಾರೆ. ಯಾವ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಅಥವಾ ವೈಲ್) ಬಳಸಿದರೂ ಪರದೆಯ ಮೇಲೆ ಅದೇ ಹತ್ತು ಸಂಖ್ಯೆಗಳು ಬರುತ್ತವೆ. ಗೊಂದಲ ಹುಟ್ಟುವುದೂ ಅಲ್ಲೇ. ಫಾರ್‌ನಲ್ಲಿ ಆಗುವ ಕೆಲಸ ವೈಲ್‌ನಲ್ಲೂ ಆಗುತ್ತದೆ ಎಂದಮೇಲೆ ಎರಡು ಯಾಕಿವೆ, ನಾನು ಯಾವುದನ್ನು ಬರೆಯಲಿ ಎಂದು ಹೊಸಬರು ಕೇಳುತ್ತಾರೆ. "ನಿನಗೆ ಯಾವುದು ಬರುತ್ತದೋ ಅದನ್ನು ಬರಿ" ಎಂಬ ಉತ್ತರವನ್ನು ನಾನೂ ಕೇಳಿಸಿಕೊಂಡಿದ್ದೇನೆ. ಆ ಉತ್ತರ ನನಗೆ ಒಪ್ಪಿಗೆಯಾಗಿಲ್ಲ. ಎರಡೂ ಲೂಪುಗಳು ಮಾಡುವ ಕೆಲಸ ಒಂದೇ ಇರಬಹುದು, ಆದರೆ ತಪ್ಪಾಗುವ ಜಾಗ ಬೇರೆ ಬೇರೆ. ಆಯ್ಕೆ ಮಾಡಬೇಕಾದದ್ದು ಅದನ್ನು ನೋಡಿಕೊಂಡು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಡನ್ನು ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಬರೆಯುವಾಗ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಬೇರೆ ಹೇಳದಿದ್ದರೆ ಉದಾಹರಣೆ ಪೈಥಾನ್ ಭಾಷೆಯದು.

ವೈಲ್‌ನಲ್ಲಿ ಬರೆದರೆ ಹೀಗಾಗುತ್ತದೆ:

ಐ = 1
ವೈಲ್ ಐ <= 10:
    ಪ್ರಿಂಟ್(ಐ)
    ಐ = ಐ + 1

ಫಾರ್‌ನಲ್ಲಿ ಬರೆದರೆ ಹೀಗೆ:

ಫಾರ್ ಐ ಇನ್ ರೇಂಜ್(1, 11):
    ಪ್ರಿಂಟ್(ಐ)

ಎರಡರಲ್ಲೂ ಮೂರು ಸಂಗತಿಗಳಿವೆ: ಎಲ್ಲಿಂದ ಶುರು, ಎಲ್ಲಿಗೆ ನಿಲ್ಲಬೇಕು, ಪ್ರತಿ ಸುತ್ತಿಗೆ ಎಷ್ಟು ಮುಂದಕ್ಕೆ ಹೋಗಬೇಕು. ವೈಲ್‌ನಲ್ಲಿ ಈ ಮೂರೂ ಚದುರಿ ಕೂತಿವೆ. ಶುರು ಲೂಪಿನ ಹೊರಗೆ, ನಿಲ್ಲುವ ಷರತ್ತು ತಲೆಸಾಲಿನಲ್ಲಿ, ಹೆಜ್ಜೆ ಎಲ್ಲಕ್ಕಿಂತ ಕೆಳಗೆ. ಫಾರ್‌ನಲ್ಲಿ ಮೂರೂ ಒಂದೇ ಸಾಲಿನಲ್ಲಿವೆ. ಹೆಜ್ಜೆಯನ್ನು ನೆನಪಿಡುವ ಹೊಣೆಯನ್ನು ಭಾಷೆಯೇ ಹೊತ್ತುಕೊಂಡಿದೆ. ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳು ಇದು. ಹೆಜ್ಜೆ ಯಾರ ಕೈಯಲ್ಲಿರಬೇಕು ಎಂದು ಕೇಳಿಕೊಂಡರೆ ಯಾವ ಲೂಪ್ ಎಂಬುದು ತಾನಾಗಿ ತಿಳಿಯುತ್ತದೆ.

ಒಮ್ಮೆ ನನ್ನ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಹುಡುಗಿಯೊಬ್ಬಳು ಮೊದಲ ಸಲ ವೈಲ್ ಬರೆದು ಓಡಿಸಿದಳು. ಪರದೆಯ ತುಂಬ 1, 1, 1 ಎಂದು ಸುರಿಯತೊಡಗಿತು. ಅವಳು ಗಾಬರಿಯಿಂದ ಕೀಬೋರ್ಡಿನ ಮೇಲಿಂದ ಕೈ ತೆಗೆದುಬಿಟ್ಟಳು, ಕಂಪ್ಯೂಟರ್ ಕೆಟ್ಟುಹೋಯಿತು ಎಂದುಕೊಂಡಿದ್ದಳು. ಕೊನೆಯ ಸಾಲು ಬಿಟ್ಟುಹೋಗಿತ್ತು, ಅಷ್ಟೇ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿದೆವು. ಆ ಸಾಲನ್ನು ಅವಳು ಕಲಿಯದೆ ಇದ್ದದ್ದಲ್ಲ, ಪ್ರಿಂಟ್ ಬಂತಲ್ಲ ಎಂಬ ಖುಷಿಯಲ್ಲಿ ಮರೆತದ್ದು. ಹತ್ತು ವರ್ಷ ಕೋಡ್ ಬರೆದವರೂ ಇದನ್ನು ಮರೆಯುತ್ತಾರೆ. ಮರೆಯಲು ಅವಕಾಶವೇ ಇಲ್ಲದ ರೂಪ ಕೈಗೆ ಸಿಗುವಾಗ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾದರೆ ಅದಕ್ಕೊಂದು ಕಾರಣ ಬೇಕು.

ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ

ಕಾರಣ ಇರುವ ಸಂದರ್ಭಗಳೂ ಇವೆ. ಫಿಬೊನಾಚಿ ಸಾಲನ್ನೇ ತೆಗೆದುಕೊಳ್ಳಿ: 1, 1, 2, 3, 5, 8 ಹೀಗೆ ಹಿಂದಿನ ಎರಡನ್ನು ಕೂಡಿಸುತ್ತ ಹೋಗುವುದು. "ಮೊದಲ ಹತ್ತು ಪದಗಳನ್ನು ಪ್ರಿಂಟ್ ಮಾಡಿ" ಎಂದರೆ ಎಷ್ಟು ಸುತ್ತು ಎಂಬುದು ಶುರುವಿಗೆ ಮೊದಲೇ ಗೊತ್ತು. ಫಾರ್ ಬರೆಯಿರಿ, 55ಕ್ಕೆ ಬಂದು ನಿಲ್ಲುತ್ತದೆ. "1000ಕ್ಕಿಂತ ಚಿಕ್ಕ ಪದಗಳನ್ನೆಲ್ಲ ಪ್ರಿಂಟ್ ಮಾಡಿ" ಎಂದರೆ ಕಥೆ ಬೇರೆ. ಅಂಥವು ಎಷ್ಟಿವೆ ಎಂದು ಮೊದಲೇ ಹೇಳಲಾಗದು. ಮಾಡುತ್ತ ಹೋಗಿ 987 ದಾಟಿ 1597 ಬಂದಾಗ ಸಾಕು ಎನ್ನಬೇಕು. ಇಲ್ಲಿ ವೈಲ್ ಸರಿ. ಸಾಲು ಅದೇ, ಕೇಳಿದ ರೀತಿ ಮಾತ್ರ ಬೇರೆ. "ಎಷ್ಟು" ಎಂಬ ಪ್ರಶ್ನೆಗೆ ಫಾರ್, "ಎಲ್ಲಿಯವರೆಗೆ" ಎಂಬ ಪ್ರಶ್ನೆಗೆ ವೈಲ್ ಎಂದು ಹೇಳಿಕೊಡುವವರಿದ್ದಾರೆ. ಮುಕ್ಕಾಲು ಪಾಲು ಸರಿಯಾದ ಮಾತದು. ಆದರೆ "1ರಿಂದ 100ರವರೆಗೆ" ಎನ್ನುವುದರಲ್ಲೂ "ವರೆಗೆ" ಇದೆಯಲ್ಲ! ಹಾಗಾಗಿ ಪದಕ್ಕೆ ಜೋತುಬೀಳಬೇಡಿ. ಮೊದಲ ಸುತ್ತು ಶುರುವಾಗುವ ಮುನ್ನ ಒಟ್ಟು ಸುತ್ತುಗಳನ್ನು ನೀವು ಎಣಿಸಿ ಹೇಳಬಲ್ಲಿರಾ ಎಂದು ನೋಡಿ.

ಎಣಿಸಲಾಗದ ಸಾಲಿಗೆ ನನಗೆ ಅತಿ ಇಷ್ಟವಾದ ಉದಾಹರಣೆ ಕೊಲಾಟ್ಸ್ ಸಾಲು. ಒಂದು ಸಂಖ್ಯೆ ತೆಗೆದುಕೊಳ್ಳಿ. ಅದು ಸಮವಾಗಿದ್ದರೆ ಅರ್ಧ ಮಾಡಿ, ಬೆಸವಾಗಿದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. 1 ಬರುವ ತನಕ ಹೀಗೇ ಮಾಡುತ್ತಿರಿ. 6ರಿಂದ ಹೊರಟರೆ 6, 3, 10, 5, 16, 8, 4, 2, 1. 26ರಿಂದ ಹೊರಟರೆ ಹತ್ತು ಹೆಜ್ಜೆಯಲ್ಲಿ ಮುಗಿಯುತ್ತದೆ, 28ರಿಂದ ಹದಿನೆಂಟರಲ್ಲಿ. ನಡುವಿನ 27ರಿಂದ ಹೊರಟರೆ 111 ಹೆಜ್ಜೆ ಬೇಕು, ದಾರಿಯಲ್ಲಿ 9232ರ ಎತ್ತರಕ್ಕೆ ಏರಿ ಇಳಿಯುತ್ತದೆ. ಪಕ್ಕಪಕ್ಕದ ಮೂರು ಸಂಖ್ಯೆಗಳಿಗೆ ಇಷ್ಟು ವ್ಯತ್ಯಾಸ! ಯಾವ ಧನ ಪೂರ್ಣಾಂಕದಿಂದ ಹೊರಟರೂ ಕೊನೆಗೆ 1ಕ್ಕೆ ಬಂದೇ ಬರುತ್ತದೆ ಎಂದು ಗಣಿತಜ್ಞರು ಇನ್ನೂ ಸಾಧಿಸಿ ತೋರಿಸಿಲ್ಲ. ಇಂಥದ್ದಕ್ಕೆ ರೇಂಜ್ ಒಳಗೆ ಯಾವ ಸಂಖ್ಯೆ ಬರೆಯುತ್ತೀರಿ?

ವೈಲ್ ಎನ್ != 1:
    ಪ್ರಿಂಟ್(ಎನ್)
    ಇಫ್ ಎನ್ % 2 == 0:
        ಎನ್ = ಎನ್ // 2
    ಎಲ್ಸ್:
        ಎನ್ = 3 * ಎನ್ + 1
ಪ್ರಿಂಟ್(ಎನ್)

ಇಲ್ಲಿ != ಎಂದರೆ ಸಮವಲ್ಲ, % ಎಂದರೆ ಭಾಗಿಸಿದಾಗ ಉಳಿಯುವ ಶೇಷ, // ಎಂದರೆ ಪೂರ್ಣಾಂಕದ ಭಾಗಾಕಾರ. ಕೊನೆಯ ಸಾಲನ್ನು ಗಮನಿಸಿ, ಅದು ಲೂಪಿನ ಹೊರಗಿದೆ. ಎನ್ ಬೆಲೆ 1 ಆದ ಕೂಡಲೇ ಷರತ್ತು ಸುಳ್ಳಾಗುತ್ತದೆ, ಒಳಗಿನ ಪ್ರಿಂಟ್‌ಗೆ ಅವಕಾಶ ಸಿಗುವುದಿಲ್ಲ. ಆ ಸಾಲು ಇಲ್ಲದಿದ್ದರೆ 6, 3, 10, 5, 16, 8, 4, 2 ಎಂದು ನಿಂತುಬಿಡುತ್ತದೆ. ವೈಲ್ ಆರಿಸಿದಿರಿ ಎಂದರೆ ಕೊನೆಯ ಬೆಲೆ ಪ್ರಿಂಟ್ ಆಯಿತೋ ಇಲ್ಲವೋ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

11 ಯಾಕೆ, 10 ಯಾಕಲ್ಲ

ಫಾರ್ ಹಿಡಿದವರು ಎಡವುವುದು ಹೆಚ್ಚಾಗಿ ಕೊನೆಯ ಗಡಿಯಲ್ಲಿ. ರೇಂಜ್(1, 10) ಎಂದು ಬರೆದು 9ಕ್ಕೆ ನಿಂತಾಗ ಹೊಸಬರಿಗೆ ಮೋಸಹೋದ ಹಾಗೆ ಅನಿಸುತ್ತದೆ. ರೇಂಜ್‌ನಲ್ಲಿ ಎರಡನೆಯ ಸಂಖ್ಯೆ ಸೇರುವುದಿಲ್ಲ. ಸುಮ್ಮನೆ ಬಾಯಿಪಾಠ ಮಾಡಿ ಎಂದು ಬಿಟ್ಟುಬಿಡುವುದು ಸುಲಭ, ಆದರೆ ಇದರ ಹಿಂದೆ ಒಳ್ಳೆಯ ತರ್ಕವಿದೆ. ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್ಖರ್ ಡೈಕ್‌ಸ್ಟ್ರಾ 1982ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದು ಇದನ್ನು ವಿವರಿಸಿದ್ದರು. ಶುರುವಿನದನ್ನು ಸೇರಿಸಿ ಕೊನೆಯದನ್ನು ಬಿಟ್ಟರೆ, ಕೊನೆಯಿಂದ ಶುರುವನ್ನು ಕಳೆದಾಗ ಉಳಿಯುವುದೇ ಒಟ್ಟು ಸುತ್ತು: 11ರಿಂದ 1 ಕಳೆದರೆ 10. ಒಂದು ತುಂಡು ಮುಗಿದಲ್ಲಿಂದಲೇ ಮುಂದಿನದು ಶುರುವಾಗುತ್ತದೆ. ರೇಂಜ್(0, 5) ಮತ್ತು ರೇಂಜ್(5, 10) ಪಕ್ಕಪಕ್ಕ ಇಟ್ಟರೆ 5 ಎರಡು ಸಲ ಬರುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ.

ಆದರೂ 1ರಿಂದ 10ರವರೆಗೆ ಎಂದು ಕೇಳಿದಾಗ ಕಣ್ಣಿಗೆ 10 ಕಾಣದೆ 11 ಕಾಣುವುದು ಕಸಿವಿಸಿಯೇ. ಎನ್ ಎಂಬ ವೇರಿಯೇಬಲ್ ಇರುವಾಗ ರೇಂಜ್(1, ಎನ್ + 1) ಎಂದು ಬರೆಯಿರಿ, ಆ "+ 1" ಓದುವವರಿಗೆ "ಎನ್ ಕೂಡ ಸೇರಿದೆ" ಎಂದು ಹೇಳುತ್ತದೆ. ಬೇರೆ ಭಾಷೆಗಳಲ್ಲಿ ಗಡಿ ಬೇರೆ ಥರ ಇರುತ್ತದೆ. ಕೋಟ್ಲಿನ್‌ನಲ್ಲಿ 1..10 ಎಂದರೆ 10 ಸೇರುತ್ತದೆ. ರಸ್ಟ್‌ನಲ್ಲಿ 1..10 ಎಂದರೆ ಸೇರುವುದಿಲ್ಲ, ಸೇರಬೇಕಾದರೆ 1..=10 ಎಂದು ಬರೆಯಬೇಕು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುವವರು ಮೊದಲು ನೋಡಬೇಕಾದದ್ದು ಈ ಗಡಿಯನ್ನು.

ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಗಡಿಯನ್ನು ನೀವೇ ಬರೆಯುತ್ತೀರಿ: ಫಾರ್ (ಇಂಟ್ ಐ = 1; ಐ <= 10; ಐ++). ಐ++ ಎಂದರೆ ಐ = ಐ + 1. ಜಾವಾಸ್ಕ್ರಿಪ್ಟ್‌ನಲ್ಲಿ ಇಂಟ್ ಬದಲು ಲೆಟ್ ಬರೆಯಬೇಕು. ಇಲ್ಲಿ < ಹಾಕಬೇಕೋ <= ಹಾಕಬೇಕೋ ಎಂಬುದೇ ಪೂರ್ತಿ ಲೆಕ್ಕ. ಹತ್ತು ಗಜದ ಬೇಲಿಗೆ ಗಜಕ್ಕೊಂದು ಗೂಟ ನೆಟ್ಟರೆ ಹನ್ನೊಂದು ಗೂಟ ಬೇಕಾಗುತ್ತದೆಯಲ್ಲ, ಅದೇ ತಪ್ಪು ಇಲ್ಲೂ ನಡೆಯುತ್ತದೆ. 1ರಿಂದ ಎಣಿಸಿದರೆ <=, 0ಯಿಂದ ಎಣಿಸಿದರೆ < ಎಂಬ ರೂಢಿ ಇಟ್ಟುಕೊಂಡರೆ ಬಹುಪಾಲು ತೊಂದರೆ ತಪ್ಪುತ್ತದೆ.

ಸಿ ಕಲಿಯುವವರಿಗೆ ಇನ್ನೊಂದು ಎಚ್ಚರಿಕೆ. ಐ ವೇರಿಯೇಬಲನ್ನು ಮೇಲೆಯೇ ಘೋಷಿಸಿ, ಫಾರ್ ಸಾಲಿನ ಆವರಣ ಮುಗಿದ ಮೇಲೆ ಅಭ್ಯಾಸಬಲದಿಂದ ಒಂದು ಅರ್ಧವಿರಾಮ (;) ಹಾಕಿದಿರಿ ಎನ್ನಿ. ಲೂಪ್ ಖಾಲಿಯಾಗಿ ಹತ್ತು ಸಲ ಸುತ್ತಿ ಮುಗಿಯುತ್ತದೆ, ಆಮೇಲೆ ಪ್ರಿಂಟ್ ಒಂದೇ ಒಂದು ಸಲ ನಡೆದು 11 ಎಂದು ತೋರಿಸುತ್ತದೆ. ಹತ್ತು ಸಂಖ್ಯೆ ಬರಬೇಕಾದಲ್ಲಿ ಒಂಟಿ 11 ಕಂಡರೆ ಮೊದಲು ಆ ಅರ್ಧವಿರಾಮವನ್ನು ಹುಡುಕಿ.

ನಡುವೆ ಬಿಟ್ಟುಬಿಡಬೇಕಾದ ಸಂಖ್ಯೆಗಳು

1ರಿಂದ 10ರವರೆಗೆ, ಆದರೆ ಮೂರರ ಮಗ್ಗಿಯಲ್ಲಿ ಬರುವವು ಬೇಡ. ಎರಡು ಲೂಪುಗಳ ನಿಜವಾದ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ. ಕಂಟಿನ್ಯೂ ಎಂಬ ಪದ ಆ ಸುತ್ತನ್ನು ಅಲ್ಲಿಗೇ ಬಿಟ್ಟು ಮುಂದಿನ ಸುತ್ತಿಗೆ ಕಳಿಸುತ್ತದೆ.

ಐ = 1
ವೈಲ್ ಐ <= 10:
    ಇಫ್ ಐ % 3 == 0:
        ಕಂಟಿನ್ಯೂ
    ಪ್ರಿಂಟ್(ಐ)
    ಐ = ಐ + 1

ಓಡಿಸಿ ನೋಡಿ. 1, 2 ಬರುತ್ತವೆ, ಅಲ್ಲಿಗೆ ನಿಂತಿತು. ಕರ್ಸರ್ ಮಿನುಗುತ್ತಲೇ ಇರುತ್ತದೆ, ದೋಷದ ಸಂದೇಶವೂ ಇಲ್ಲ. ಆಗಿರುವುದಿಷ್ಟು: ಐ ಬೆಲೆ 3 ಆದಾಗ ಕಂಟಿನ್ಯೂ ಅದನ್ನು ಮೇಲಕ್ಕೆ ಕಳಿಸಿತು, ಕೆಳಗಿನ ಹೆಜ್ಜೆಯ ಸಾಲು ತಲುಪಲೇ ಇಲ್ಲ. 3 ಹಾಗೆಯೇ 3 ಆಗಿ ಉಳಿದು ಸುತ್ತುತ್ತಲೇ ಇದೆ. ಇದೇ ಷರತ್ತನ್ನು ಫಾರ್‌ನಲ್ಲಿ ಹಾಕಿದರೆ 1, 2, 4, 5, 7, 8, 10 ಎಂದು ಚೆಂದವಾಗಿ ಮುಗಿಯುತ್ತದೆ. ಅಲ್ಲಿ ಹೆಜ್ಜೆ ಲೂಪಿನ ತಲೆಯಲ್ಲಿದೆ, ಕಂಟಿನ್ಯೂ ಅದನ್ನು ಹಾರಿಸಿ ಹೋಗಲಾರದು. ಹೀಗಾಗಿ ಸುತ್ತುಗಳನ್ನು ಹಾರಿಸಬೇಕಾದ ಲೆಕ್ಕದಲ್ಲಿ ನಾನು ಎರಡನೆಯ ಯೋಚನೆ ಇಲ್ಲದೆ ಫಾರ್ ಆರಿಸುತ್ತೇನೆ.

ಇದಕ್ಕೆ ತದ್ವಿರುದ್ಧದ ಪ್ರಸಂಗವೂ ಉಂಟು. ಪೈಥಾನ್‌ನ ಫಾರ್ ಒಳಗೆ ಕೂತು ಐ = ಐ + 1 ಎಂದು ಬರೆದು ಒಂದು ಸಂಖ್ಯೆಯನ್ನು ಹಾರಿಸಲು ನೋಡಿದರೆ ಅದು ನಡೆಯುವುದಿಲ್ಲ. ಮುಂದಿನ ಸುತ್ತಿನಲ್ಲಿ ರೇಂಜ್ ತನ್ನ ಮುಂದಿನ ಬೆಲೆಯನ್ನೇ ಐಗೆ ಕೊಡುತ್ತದೆ, ನೀವು ಬದಲಿಸಿದ್ದು ಅಳಿಸಿಹೋಗುತ್ತದೆ. ಸಿ ಭಾಷೆಯಲ್ಲಾದರೆ ಅದೇ ಸಾಲು ನಿಜವಾಗಿಯೂ ಹಾರಿಸುತ್ತದೆ. ಹೆಜ್ಜೆಯ ಅಳತೆ ದಾರಿಯಲ್ಲಿ ಬದಲಾಗಬೇಕು ಎಂದಿದ್ದರೆ ಅದು ವೈಲ್‌ನ ಕೆಲಸ. ಫಾರ್‌ನ ಕಿವಿ ಹಿಂಡಿ ಅದನ್ನು ಮಾಡಿಸಬೇಡಿ.

ಸಮ ಸಂಖ್ಯೆಗಳಿಗೆ ಮೂರು ದಾರಿ

2ರಿಂದ 20ರವರೆಗಿನ ಸಮ ಸಂಖ್ಯೆಗಳನ್ನು ಪ್ರಿಂಟ್ ಮಾಡಲು ಹೆಜ್ಜೆಯನ್ನೇ 2 ಮಾಡಬಹುದು: ರೇಂಜ್(2, 21, 2). 1ರಿಂದ 20ರವರೆಗೆ ಎಲ್ಲವನ್ನೂ ಸುತ್ತಿ ಇಫ್ ಹಾಕಿ ಸೋಸಬಹುದು. ಇಲ್ಲವೇ 1ರಿಂದ 10ರವರೆಗೆ ಸುತ್ತಿ 2 * ಐ ಪ್ರಿಂಟ್ ಮಾಡಬಹುದು.

ಮೊದಲನೆಯದು ಚಿಕ್ಕದು, ಓದಿದ ಕೂಡಲೇ ಅರ್ಥವಾಗುತ್ತದೆ. ಸಮ ಅಂತರದ ಸಾಲಾಗಿದ್ದರೆ ಅದೇ ಸಾಕು. ಎರಡನೆಯದರಲ್ಲಿ ಅರ್ಧ ಸುತ್ತುಗಳು ವ್ಯರ್ಥವಾಗುತ್ತವೆ ಎಂಬುದು ಇಷ್ಟು ಚಿಕ್ಕ ಲೆಕ್ಕದಲ್ಲಿ ಲೆಕ್ಕಕ್ಕಿಲ್ಲ. ಅವಿಭಾಜ್ಯ ಸಂಖ್ಯೆಗಳಂತೆ ಅಂತರ ಒಂದೇ ಸಮ ಇಲ್ಲದ ಸಾಲಿಗೆ ಈ ಸೋಸುವ ದಾರಿಯೇ ಬೇಕು. ಮೂರನೆಯದನ್ನು ಹೊಸಬರು ಕಡೆಗಣಿಸುತ್ತಾರೆ, ನನಗೆ ಮಾತ್ರ ಅದರ ಮೇಲೆ ವಿಶೇಷ ಪ್ರೀತಿ. ಐ ಎಂದರೆ ಸಾಲಿನಲ್ಲಿ ಎಷ್ಟನೆಯ ಪದ ಎಂಬುದು, ಪ್ರಿಂಟ್ ಆಗುವುದು ಆ ಪದದ ಬೆಲೆ ಎಂದು ಎರಡನ್ನೂ ಬೇರೆ ಮಾಡಿ ನೋಡಲು ಅದು ಕಲಿಸುತ್ತದೆ. 2 * ಐ - 1 ಹಾಕಿದರೆ ಬೆಸ ಸಂಖ್ಯೆಗಳು, ಐ * ಐ ಹಾಕಿದರೆ 1, 4, 9, 16. ಲೂಪ್ ಅಲ್ಲಾಡದೆ ಹಾಗೇ ಇರುತ್ತದೆ, ಪ್ರಿಂಟ್ ಒಳಗಿನ ಸೂತ್ರ ಮಾತ್ರ ಬದಲಾಗುತ್ತದೆ. ಎಷ್ಟನೆಯ ಪದ ಎಂದು ಹೇಳಿದರೆ ಬೆಲೆ ಹೇಳಬಲ್ಲ ಸೂತ್ರ ಕೈಯಲ್ಲಿದ್ದರೆ ಈ ದಾರಿಗೆ ಸಾಟಿ ಇಲ್ಲ.

ದಶಮಾಂಶದ ಸಾಲಿನಲ್ಲಂತೂ ಇದು ಕಾಪಾಡುತ್ತದೆ. 0.1, 0.2, 0.3 ಎಂದು 1.0ರವರೆಗೆ ಪ್ರಿಂಟ್ ಮಾಡಬೇಕು. ವೈಲ್ ಎಕ್ಸ್ != 1.0 ಎಂದು ಬರೆದು ಪ್ರತಿ ಸುತ್ತಿಗೆ 0.1 ಕೂಡಿಸುತ್ತ ಹೋದರೆ ಮೂರನೆಯ ಸಂಖ್ಯೆಯೇ 0.30000000000000004 ಎಂದು ಬರುತ್ತದೆ. ಹತ್ತನೆಯದು 0.9999999999999999, ಅದರ ಮುಂದಿನದು 1.0999999999999999. ನಡುವೆ 1.0 ಎಂಬುದು ಬರುವುದೇ ಇಲ್ಲ, ಲೂಪ್ ನಿಲ್ಲುವುದೂ ಇಲ್ಲ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಆಧಾರದಲ್ಲಿ ಇಟ್ಟುಕೊಳ್ಳುತ್ತದೆ, ಅದರಲ್ಲಿ 0.1 ನಿಖರವಾಗಿ ಕೂರುವುದಿಲ್ಲ, ಪ್ರತಿ ಕೂಡಿಕೆಗೂ ಕೂದಲೆಳೆಯ ತಪ್ಪು ಸೇರುತ್ತ ಹೋಗುತ್ತದೆ. ಫಾರ್ ಐ ಇನ್ ರೇಂಜ್(1, 11) ಎಂದು ಪೂರ್ಣಾಂಕದಲ್ಲಿ ಎಣಿಸಿ, ಐ / 10 ಪ್ರಿಂಟ್ ಮಾಡಿ. 0.3 ಎಂದೇ ಬರುತ್ತದೆ. ಐ * 0.1 ಎಂದು ಗುಣಿಸಬೇಡಿ, ಮೂರನೆಯದರಲ್ಲಿ ಅದೇ ಬಾಲ ಮತ್ತೆ ಕಾಣಿಸಿಕೊಳ್ಳುತ್ತದೆ.

ಡೂ-ವೈಲ್, ರಿಕರ್ಷನ್, ಇತ್ಯಾದಿ

ಡೂ-ವೈಲ್ ಮೊದಲು ಕೆಲಸ ಮಾಡಿ ಆಮೇಲೆ ಷರತ್ತು ಕೇಳುತ್ತದೆ. ಪೈಥಾನ್‌ನಲ್ಲಿ ಇದು ಇಲ್ಲ, ಸಿ ಮತ್ತು ಜಾವಾಗಳಲ್ಲಿ ಇದೆ. ಸಂಖ್ಯೆಗಳ ಸಾಲಿಗೆ ನಾನು ಇದನ್ನು ಹೇಳುವುದಿಲ್ಲ. 1ರಿಂದ ಎನ್‌ವರೆಗೆ ಎಂಬ ಲೆಕ್ಕದಲ್ಲಿ ಎನ್ 0 ಆಗಿದ್ದರೆ ಏನೂ ಪ್ರಿಂಟ್ ಆಗಬಾರದು, ಡೂ-ವೈಲ್ 1 ಪ್ರಿಂಟ್ ಮಾಡಿಬಿಟ್ಟಿರುತ್ತದೆ. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯ ಲೂಪಿಗೂ ಇದೇ ಗುಣವಿತ್ತು, ಒಂದು ಸಲವಾದರೂ ಸುತ್ತಿಯೇ ತೀರುತ್ತಿತ್ತು. ಶೂನ್ಯ ಸುತ್ತಿಗೆ ಅವಕಾಶ ನಿಯಮವಾಗಿ ಬಂದದ್ದು ಫೋರ್ಟ್ರಾನ್ 77ರಲ್ಲಿ. ಬಳಕೆದಾರರಿಂದ ಸಂಖ್ಯೆ ಕೇಳಿ, ತಪ್ಪಿದ್ದರೆ ಮತ್ತೆ ಕೇಳುವ ಕೆಲಸಕ್ಕೆ ಡೂ-ವೈಲ್ ಹೇಳಿ ಮಾಡಿಸಿದ ಹಾಗಿದೆ, ಅಲ್ಲಿ ಬಳಸಿ.

ರಿಕರ್ಷನ್‌ನಲ್ಲೂ, ಅಂದರೆ ಒಂದು ಫಂಕ್ಷನ್ ತನ್ನನ್ನು ತಾನೇ ಕರೆಯುವ ರೀತಿಯಲ್ಲೂ, 1ರಿಂದ 10 ಪ್ರಿಂಟ್ ಮಾಡಬಹುದು. ಕಲಿಕೆಗೆ ಒಳ್ಳೆಯದು, ಬಳಕೆಗೆ ಅಲ್ಲ. ಪೈಥಾನ್ ಮಾಮೂಲಿಯಾಗಿ 1000 ಹಂತದ ಮಿತಿ ಇಟ್ಟಿದೆ, 5000ದವರೆಗೆ ಕೇಳಿದರೆ ದೋಷ ತೋರಿಸಿ ಕೈಚೆಲ್ಲುತ್ತದೆ. ಗೋ ಭಾಷೆಯವರಿಗೆ ಈ ಆಯ್ಕೆಯ ತಲೆನೋವೇ ಇಲ್ಲ, ಅಲ್ಲಿ ಇರುವ ಲೂಪ್ ಪದವೇ ಫಾರ್ ಒಂದು. ಷರತ್ತು ಮಾತ್ರ ಬರೆದರೆ ಅದೇ ವೈಲ್ ಆಗಿ ನಡೆದುಕೊಳ್ಳುತ್ತದೆ.

ಇಳಿಕೆಯ ಎಣಿಕೆಗೆ ರೇಂಜ್(10, 0, -1) ಬರೆಯಿರಿ, ಇಲ್ಲೂ ಕೊನೆಯ 0 ಸೇರುವುದಿಲ್ಲ. ಸಿ ಭಾಷೆಯಲ್ಲಿ 0ಯವರೆಗೆ ಇಳಿಸುವಾಗ ಅನ್‌ಸೈನ್ಡ್ ಬಗೆಯ ವೇರಿಯೇಬಲ್ ಬೇಡವೇ ಬೇಡ. ಅದಕ್ಕೆ ಋಣ ಸಂಖ್ಯೆ ಗೊತ್ತಿಲ್ಲ, 0ಯಿಂದ ಒಂದು ಕಳೆದರೆ 32 ಬಿಟ್‌ನಲ್ಲಿ 4294967295 ಆಗುತ್ತದೆ, ಐ >= 0 ಎಂಬ ಷರತ್ತು ಎಂದೂ ಸುಳ್ಳಾಗುವುದಿಲ್ಲ.

ಕೊನೆಯ ಅಲ್ಪವಿರಾಮ

ಲೂಪ್ ಸರಿಯಿದ್ದೂ ಉತ್ತರ ತಪ್ಪೆನಿಸಿಕೊಳ್ಳುವ ಜಾಗ ಇದೊಂದಿದೆ. "1, 2, 3, 4, 5" ಎಂದು ಒಂದೇ ಸಾಲಿನಲ್ಲಿ ಬೇಕು ಎಂದು ಕೇಳಿರುತ್ತಾರೆ. ಪ್ರಿಂಟ್(ಐ, ಎಂಡ್=", ") ಎಂದು ಬರೆದರೆ 5ರ ಮುಂದೆಯೂ ಒಂದು ಅಲ್ಪವಿರಾಮ ಉಳಿದುಕೊಳ್ಳುತ್ತದೆ. ಕಣ್ಣಿಗೆ ಚಿಕ್ಕದು, ಆದರೆ ಉತ್ತರವನ್ನು ಯಂತ್ರವೇ ಅಕ್ಷರ ಅಕ್ಷರ ಹೋಲಿಸಿ ನೋಡುವ ಕಡೆ ಅಷ್ಟೇ ಸಾಕು ತಪ್ಪು ಎನ್ನಲು. ಇಲ್ಲೂ ಬೇಲಿಯ ಲೆಕ್ಕವೇ: ಐದು ಸಂಖ್ಯೆಗಳ ನಡುವೆ ಅಲ್ಪವಿರಾಮ ನಾಲ್ಕೇ.

ಕೆಲವರು ಮೊದಲ ಸಂಖ್ಯೆಯನ್ನು ಲೂಪಿನ ಹೊರಗೆ ಪ್ರಿಂಟ್ ಮಾಡಿ, 2ರಿಂದ ಶುರುಮಾಡಿ ಪ್ರತಿ ಸಂಖ್ಯೆಯ ಮುಂಚೆ ಅಲ್ಪವಿರಾಮ ಹಾಕುತ್ತಾರೆ. ನೋಡಲು ಜಾಣತನ ಅನಿಸುತ್ತದೆ. ಎನ್ 0 ಆದಾಗ ಡೂ-ವೈಲ್‌ನ ಹಾಗೆಯೇ ಒಂದು 1 ಸುಮ್ಮನೆ ಬಂದು ಕೂರುತ್ತದೆ. ಇನ್ನು ಕೆಲವರು ಲೂಪಿನೊಳಗೆ ಇಫ್ ಐ < ಎನ್ ಎಂದು ಕೇಳಿ, ನಿಜವಾದರೆ ಮಾತ್ರ ಅಲ್ಪವಿರಾಮ ಹಾಕುತ್ತಾರೆ. ಸ್ವಲ್ಪ ಉದ್ದ, ಆದರೆ ಎನ್ 0 ಇರಲಿ, 1 ಇರಲಿ, ಕೆಡುವುದಿಲ್ಲ. ಲೂಪ್ ಕಲಿಯುತ್ತಿರುವವರಿಗೆ ನಾನು ಇದನ್ನೇ ಹೇಳುತ್ತೇನೆ, ಸಿ ಮತ್ತು ಜಾವಾದಲ್ಲೂ ಇದೇ ರೂಪ ಹಾಗೇ ನಡೆಯುತ್ತದೆ. ಪೈಥಾನ್‌ನಲ್ಲಿ ಕೈ ಪಳಗಿದ ಮೇಲೆ ಪ್ರಿಂಟ್(*ರೇಂಜ್(1, ಎನ್ + 1), ಸೆಪ್=", ") ಎಂಬ ಒಂದೇ ಸಾಲು ಸಾಕು. ಸೆಪ್‌ಗೆ ಕೊಟ್ಟದ್ದು ನಡುನಡುವೆ ಮಾತ್ರ ಬರುತ್ತದೆ. ಲೂಪ್ ಬಳಸಿ ಎಂದು ಅಭ್ಯಾಸದಲ್ಲಿ ಬರೆದಿದ್ದರೆ ಮಾತ್ರ ಈ ಸಾಲು ಒಪ್ಪಿಗೆಯಾಗದು.

ಯಾವುದನ್ನೇ ಆರಿಸಿ, ಒಪ್ಪಿಸುವ ಮುನ್ನ ಎನ್ ಜಾಗದಲ್ಲಿ 10ರ ಬದಲು 0 ಹಾಕಿ ಒಮ್ಮೆ, 1 ಹಾಕಿ ಇನ್ನೊಮ್ಮೆ ಓಡಿಸಿ. 0ಗೆ ಖಾಲಿ ಸಾಲು, 1ಕ್ಕೆ ಅಲ್ಪವಿರಾಮವಿಲ್ಲದ ಒಂಟಿ 1 ಬರಬೇಕು.